ಎರೆಹೊಲದ ಬಿಸಿಲು, ಪಡಸಾಲೆಯ ನೆರಳು

ಮೇ ತಿಂಗಳ ಮೊದಲ ವಾರ ಕೊಪ್ಪಳದಲ್ಲಿ ನಡುಹಗಲಿಗೆ ನಿಂತವರ ನೆರಳು ಅವರ ಕಾಲಬುಡದಲ್ಲೇ ಮುದುರಿ ಕೂತಿರುತ್ತದೆ. ಊರು ಇರುವುದು 15 ಡಿಗ್ರಿ ಚಿಲ್ಲರೆ ಉತ್ತರ ಅಕ್ಷಾಂಶದಲ್ಲಿ. ಹಾಗಾಗಿ ವರ್ಷಕ್ಕೆ ಎರಡು ಸಲ, ಮೇ ಮೊದಲ ವಾರ ಒಮ್ಮೆ, ಆಗಸ್ಟ್ ಎರಡನೇ ವಾರ ಇನ್ನೊಮ್ಮೆ, ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಬೆಳಕು ನೆಲಕ್ಕೆ ಧಾರಾಳವಾಗಿ ಬೀಳುತ್ತದೆ, ಮುಖಕ್ಕೆ ಮಾತ್ರ ಸವರಿಕೊಂಡು ಹೋಗುತ್ತದೆ. ಹುಬ್ಬಿನ ಕೆಳಗೆ ಕಣ್ಣು ಎರಡು ಕಪ್ಪು ಗುಳಿಯಾಗುತ್ತವೆ. ಈ ಬಿಸಿಲಿಗೆ ರೇಂಜ್‌ಫೈಂಡರ್ ಕ್ಯಾಮೆರಾ, ಕಪ್ಪು-ಬಿಳುಪು ಫಿಲ್ಮ್ ಹಿಡಿದು ಹೊರಟವರು ಬೆಳಕನ್ನು ಹೇಗೆ ಅಳೆಯಬೇಕು ಎಂಬುದೇ ಇಲ್ಲಿನ ಮಾತು.

ಕಪ್ಪು-ಬಿಳುಪು ಫಿಲ್ಮಿನ ಡಬ್ಬಿಯ ಮೇಲೆ ಅಚ್ಚಾಗುತ್ತ ಬಂದ ಸೂತ್ರ ಎಲ್ಲರಿಗೂ ಗೊತ್ತು: ನಿಚ್ಚಳ ಬಿಸಿಲಿದ್ದರೆ ಅಪರ್ಚರ್ (ಲೆನ್ಸಿನ ಕಿಂಡಿ; ಎಫ್ ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು) ಎಫ್/16, ಶಟರ್ ವೇಗ ಫಿಲ್ಮಿನ ಚುರುಕು ಹೇಳುವ ಐಎಸ್‌ಒಗೆ ಹತ್ತಿರದ ಸಂಖ್ಯೆ. 400ರ ಫಿಲ್ಮಿಗೆ 1/500 ಸೆಕೆಂಡ್. ಈ ಸೂತ್ರ ಸುಳ್ಳಲ್ಲ. ಆದರೆ ಅದು ಸೂರ್ಯ ಛಾಯಾಗ್ರಾಹಕನ ಬೆನ್ನ ಹಿಂದೆ ಇದ್ದು, ಎದುರಿನ ವಸ್ತುವಿಗೆ ಬಿಸಿಲು ನೇರ ಬೀಳುತ್ತದೆ ಎಂದು ಎಣಿಸಿದ ಲೆಕ್ಕ. ನೆತ್ತಿಯ ಸೂರ್ಯನಿಗೆ ಮುಖ, ಗೋಡೆ, ಬಾಗಿಲು ಎಲ್ಲವೂ ಓರೆ. ಅಲ್ಲಿ ಒಂದರಿಂದ ಒಂದೂವರೆ ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಇಮ್ಮಡಿ ಇಲ್ಲವೇ ಅರ್ಧ) ಹೆಚ್ಚು ಕೊಡದಿದ್ದರೆ ನೆಗೆಟಿವ್‌ನಲ್ಲಿ ಕಣ್ಣು ಇರುವ ಜಾಗ ಬರೀ ಗಾಜಾಗಿ ಉಳಿಯುತ್ತದೆ. ಎಷ್ಟು ಹೊತ್ತು ಡೆವಲಪ್ ಮಾಡಿದರೂ ಫಿಲ್ಮಿನ ಮೇಲೆ ಬೀಳದ ಬೆಳಕು ಬರುವುದಿಲ್ಲ. ಬೆಳಕು ಅಳೆಯುವ ಕಲೆಯೆಲ್ಲ ಹುಟ್ಟುವುದು ಈ ಒಂದು ಸಂಗತಿಯಿಂದ. ಬಿಳಿ ಹೆಚ್ಚಾದರೆ ಪ್ರಿಂಟ್ ಮಾಡುವಾಗ ಹೇಗಾದರೂ ಇಳಿಸಬಹುದು, ಕಳೆದುಹೋದ ನೆರಳನ್ನು ತರಲಾಗದು. ಆದ್ದರಿಂದ ಬೆಳಕು ಅಳೆಯುವ ಮೀಟರನ್ನು ಎತ್ತಿ ಹಿಡಿಯುವ ಮೊದಲು ತೀರ್ಮಾನಿಸಬೇಕಾದದ್ದು ಒಂದೇ: ಈ ಚಿತ್ರದಲ್ಲಿ ಯಾವ ನೆರಳಿನೊಳಗಿನ ವಿವರ ನನಗೆ ಬೇಕು?

ಪ್ರತಿಫಲಿತ ಬೆಳಕನ್ನು ಅಳೆಯುವ ಯಾವ ಮೀಟರಿಗೂ ತಾನು ಏನನ್ನು ನೋಡುತ್ತಿದ್ದೇನೆ ಎಂಬುದು ತಿಳಿಯದು. ಏನನ್ನು ತೋರಿಸಿದರೂ ಅದನ್ನು ನಡುಬೂದು ಮಾಡುವ ಸಂಖ್ಯೆಯನ್ನೇ ಅದು ಹೇಳುತ್ತದೆ. ಇದನ್ನು ಕಣ್ಣಾರೆ ನೋಡಲು ರಾಯಚೂರಿನ ಹತ್ತಿ ಮಾರುಕಟ್ಟೆಗಿಂತ ಒಳ್ಳೆಯ ಪಾಠಶಾಲೆ ಇಲ್ಲ. ಬಿಸಿಲಲ್ಲಿ ಸುರಿದ ಹತ್ತಿಯ ರಾಶಿಗೆ 400ರ ಫಿಲ್ಮಿಟ್ಟು ಮೀಟರ್ ಹಿಡಿದರೆ ಎಫ್/16ಕ್ಕೆ 1/2000 ಅನ್ನುತ್ತದೆ. ಅದನ್ನು ನಂಬಿದರೆ ಹತ್ತಿ ಬೂದಿಯ ಗುಡ್ಡೆಯಾಗುತ್ತದೆ, ಪಕ್ಕದಲ್ಲಿ ನಿಂತ ಹಮಾಲರ ಮುಖ ಇದ್ದಿಲಾಗುತ್ತದೆ. ಅದೇ ಮೀಟರನ್ನು ಊರಾಚೆ ಉತ್ತು ಬಿಟ್ಟ ಎರೆಹೊಲಕ್ಕೆ ತಿರುಗಿಸಿ. ಅದೇ ಬಿಸಿಲಿಗೆ ಈಗ ಎಫ್/8ಕ್ಕೆ 1/500ರ ಆಸುಪಾಸು ಹೇಳುತ್ತದೆ. ಸೂರ್ಯ ಬದಲಾಗಿಲ್ಲ, ಮೀಟರ್ ಮಾತ್ರ ನಾಲ್ಕು ಸ್ಟಾಪ್ ಅತ್ತಿತ್ತ ಹೋಗಿದೆ. ನಿಜವಾದ ಉತ್ತರ ಎರಡರ ನಡುವೆ ಎಫ್/16ಕ್ಕೆ 1/500ರಲ್ಲಿದೆ. ಹತ್ತಿಯನ್ನು ಅಳೆದರೆ ಎರಡು ಸ್ಟಾಪ್ ತೆರೆಯಬೇಕು, ಎರೆಮಣ್ಣನ್ನು ಅಳೆದರೆ ಎರಡು ಸ್ಟಾಪ್ ಮುಚ್ಚಬೇಕು. ಮಳೆ ಬಿದ್ದ ಎರೆ ಇನ್ನೂ ಕಪ್ಪು, ಆಗ ಎರಡೂವರೆ. ಮಸಾರಿಯ ಕೆಂಪು ನೆಲ ನಡುಬೂದಿಗೆ ಸಾಕಷ್ಟು ಹತ್ತಿರ, ಹಿಂಗಾರಿ ಜೋಳದ ಹಸಿರು ಪೈರು ಅದಕ್ಕೂ ಹತ್ತಿರ. ಏನೂ ತೋಚದಿದ್ದಾಗ ಜೋಳದ ಪೈರಿಗೆ ಮೀಟರ್ ಹಿಡಿದರೆ ಹೆಚ್ಚು ತಪ್ಪಾಗುವುದಿಲ್ಲ.

ನೆಲದ ಬಣ್ಣ ಮೀಟರನ್ನಷ್ಟೇ ಅಲ್ಲ, ಬೆಳಕನ್ನೂ ಬದಲಿಸುತ್ತದೆ. ಸಿಮೆಂಟಿನ ಅಂಗಳದಲ್ಲಿ, ಹತ್ತಿ ರಾಶಿಯ ಪಕ್ಕದಲ್ಲಿ ನಿಂತವರ ಮುಖಕ್ಕೆ ಕೆಳಗಿನಿಂದ ಬೆಳಕು ಪುಟಿದು ಬಂದು ಕಣ್ಣಗುಳಿ ತುಂಬುತ್ತದೆ. ಎರೆಹೊಲ ಬಿದ್ದ ಬೆಳಕನ್ನು ನುಂಗಿಬಿಡುತ್ತದೆ. ಒಂದೇ ಮಧ್ಯಾಹ್ನ, ಒಂದೇ ಬಿಸಿಲು, ಆದರೂ ಹೊಲದಲ್ಲಿ ನಿಂತ ಮುಖಕ್ಕೆ ಅಂಗಳದಲ್ಲಿ ನಿಂತ ಮುಖಕ್ಕಿಂತ ಹೆಚ್ಚು ಎಕ್ಸ್‌ಪೋಷರ್ ಬೇಕು. ಇದು ಯಾವ ಕೋಷ್ಟಕದಲ್ಲೂ ಇರುವುದಿಲ್ಲ. ಮುಖದ ಮಟ್ಟದಲ್ಲಿ ಮೀಟರ್ ಹಿಡಿದೇ ನೋಡಬೇಕು.

ಇನ್ನು ಕ್ಯಾಮೆರಾದ ವಿಷಯ. ರೇಂಜ್‌ಫೈಂಡರಿನಲ್ಲಿ ನಾವು ನೋಡುವುದು ಲೆನ್ಸಿನ ಮೂಲಕ ಅಲ್ಲ, ಪಕ್ಕದ ಕಿಟಕಿಯ ಮೂಲಕ. ಈ ಒಂದು ಕಾರಣಕ್ಕೆ ಅದರಲ್ಲಿ ಬೆಳಕು ಅಳೆಯುವ ರೀತಿಯೇ ಬೇರೆ. ಲೆನ್ಸಿಗೆ ಕಿತ್ತಳೆ ಫಿಲ್ಟರ್ ಹಾಕಿದ್ದು ಕಣ್ಣಿಗೆ ಕಾಣದು. ಮುಚ್ಚಳ ತೆಗೆಯದೇ ಇದ್ದರೂ ಕಾಣದು. ಯಾವ ಮೀಟರ್ ಎಲ್ಲಿಂದ ನೋಡುತ್ತಿದೆ ಎಂಬುದನ್ನು ಕ್ಯಾಮೆರಾದಿಂದ ಕ್ಯಾಮೆರಾಕ್ಕೆ ತಿಳಿದುಕೊಳ್ಳಬೇಕು.

1984ರ ಲೈಕಾ ಎಂ6ರಲ್ಲಿ ಶಟರಿನ ಮೊದಲ ಪರದೆಯ ಮೇಲೆ 12 ಮಿಲಿಮೀಟರ್ ಅಗಲದ ಬಿಳಿ ಚುಕ್ಕೆ ಇದೆ. ಲೆನ್ಸಿನಿಂದ ಬಂದ ಬೆಳಕು ಅದರ ಮೇಲೆ ಬಿದ್ದು ಪುಟಿದದ್ದನ್ನು ಸೆನ್ಸರ್ ಅಳೆಯುತ್ತದೆ. ಪೂರ್ತಿ ಫ್ರೇಮಿನಲ್ಲಿ ಅದು ಸುಮಾರು 13 ಶೇಕಡ. ಫಿಲ್ಮನ್ನು ಮುಂದಕ್ಕೆ ಎಳೆದು ಶಟರ್ ಏರಿಸದಿದ್ದರೆ ಬಿಳಿ ಚುಕ್ಕೆ ತನ್ನ ಜಾಗಕ್ಕೆ ಬಂದಿರುವುದಿಲ್ಲ, ಮೀಟರೂ ಕೆಲಸ ಮಾಡುವುದಿಲ್ಲ. ಚುಕ್ಕೆಯ ಗಾತ್ರ ಬದಲಾಗದು, ಆದರೆ ಲೆನ್ಸ್ ಬದಲಾದಂತೆ ಅದು ನೋಡುವ ಕೋನ ಬದಲಾಗುತ್ತದೆ. 28 ಮಿಮೀಗೆ ಸುಮಾರು 24 ಡಿಗ್ರಿ, 35ಕ್ಕೆ 19ರಿಂದ 20, 50ಕ್ಕೆ 14, 90ಕ್ಕೆ 8ರ ಒಳಗೆ. 90ರ ಲೆನ್ಸ್ ಚೀಲದಲ್ಲಿದ್ದರೆ ಅದೇ ಒಂದು ಸ್ಪಾಟ್ ಮೀಟರ್: ಅದನ್ನು ಹಾಕಿ ನೆರಳನ್ನು ಅಳೆದು, ಸಂಖ್ಯೆ ನೆನಪಿಟ್ಟುಕೊಂಡು, ಮತ್ತೆ 35 ಹಾಕಿ ಚಿತ್ರ ತೆಗೆಯಬಹುದು.

1972ರ ಕ್ಯಾನನೆಟ್ ಕ್ಯೂಎಲ್17 ಜಿ3ರಲ್ಲಿ ಬೆಳಕಿನ ಕಣ್ಣು ಲೆನ್ಸಿನ ಸುತ್ತಿನ ಫಿಲ್ಟರ್ ಉಂಗುರದ ಒಳಗಿದೆ. ಫಿಲ್ಟರ್ ಹಾಕಿದರೆ ಕಣ್ಣಿಗೂ ಹಾಕಿದಂತೆ, ಲೆಕ್ಕ ತಾನೇ ಸರಿಹೋಗುತ್ತದೆ. ಆದರೆ ಮೀಟರ್ ಓಡುವುದು ಆಟೋದಲ್ಲಿ ಮಾತ್ರ. ಅಪರ್ಚರನ್ನು ಕೈಯಾರೆ ತಿರುಗಿಸಿದೊಡನೆ ಅದು ಆರಿಹೋಗುತ್ತದೆ. ಶಟರ್ ಗುಂಡಿಯನ್ನು ಅರ್ಧ ಒತ್ತಿ ಹಿಡಿದರೆ ಮೀಟರಿನ ಮುಳ್ಳು ಅಲ್ಲಿಗೇ ಕಚ್ಚಿಕೊಳ್ಳುವುದರಿಂದ, ನೆಲಕ್ಕೆ ತೋರಿಸಿ ಅರ್ಧ ಒತ್ತಿ, ಹಾಗೇ ಹಿಡಿದು ಚೌಕಟ್ಟನ್ನು ಮತ್ತೆ ಕೂಡಿಸಬೇಕು. ಯಾಶಿಕಾ ಎಲೆಕ್ಟ್ರೋ 35 ಜಿಎಸ್ಎನ್‌ನಲ್ಲಿ ಕಣ್ಣು ಲೆನ್ಸಿನಿಂದ ದೂರ, ಕ್ಯಾಮೆರಾದ ಮೈಮೇಲೆ ಇದೆ. ಹಳದಿ ಫಿಲ್ಟರ್ ಹಾಕಿದ್ದು ಅದಕ್ಕೆ ಗೊತ್ತಾಗುವುದಿಲ್ಲ, 400 ಇದ್ದ ಐಎಸ್‌ಒ ಗುಂಡಿಯನ್ನು 200ಕ್ಕೆ ಇಳಿಸುವುದು ನಮ್ಮ ಜವಾಬ್ದಾರಿ. ಲೈಕಾ ಎಂ3, ಝೋರ್ಕಿ 4 ಇಂಥವುಗಳಲ್ಲಿ ಮೀಟರೇ ಇಲ್ಲ. ಈ ಸೀಮೆಯ ಬಿಸಿಲಿಗೆ ಅದೇನೂ ದೊಡ್ಡ ಕೊರತೆಯಲ್ಲ.

ಯಾಕೆಂದರೆ ಇಲ್ಲಿನ ಬೆಳಕು ಗಳಿಗೆಗೊಮ್ಮೆ ಬದಲಾಗುವುದಿಲ್ಲ. ಮೋಡವಿಲ್ಲದ ದಿನ, ಸೂರ್ಯ ಹುಟ್ಟಿ ಒಂದೂವರೆ ಎರಡು ಗಂಟೆಯ ಮೇಲೆ ಸಂಜೆ ಅಷ್ಟೇ ಹೊತ್ತು ಉಳಿಯುವವರೆಗೆ ಬಿಸಿಲಿನ ಸಂಖ್ಯೆ ಒಂದೇ. ಪ್ರತಿ ಚಿತ್ರಕ್ಕೂ ಮೀಟರ್ ನೋಡುವುದು ವ್ಯರ್ಥ ಮಾತ್ರವಲ್ಲ, ಕೇಡು ಕೂಡ: ಬಿಳಿ ಪಂಚೆ ಬಂದಾಗ ಒಂದು, ಎಮ್ಮೆ ಬಂದಾಗ ಇನ್ನೊಂದು ಎಂದು ಒಂದೇ ರೋಲಿನಲ್ಲಿ ಹತ್ತು ಬಗೆಯ ನೆಗೆಟಿವ್ ಆಗುತ್ತವೆ. ಬೀದಿಗೆ ಇಳಿದಾಗ ಬಿಸಿಲಿಗೊಂದು, ನೆರಳಿಗೊಂದು ಎಂದು ಎರಡು ಸಲ ಅಳೆದು, ಶಟರನ್ನು 1/500ಕ್ಕೆ ಬಿಟ್ಟು, ಮುಂದೆ ಅಪರ್ಚರ್ ಉಂಗುರವನ್ನು ಬೆರಳಲ್ಲೇ ತಿರುಗಿಸಿಕೊಂಡು ಹೋಗುವುದು ರೇಂಜ್‌ಫೈಂಡರಿಗೆ ಹೇಳಿ ಮಾಡಿಸಿದ ವಿಧಾನ. 400ರ ಫಿಲ್ಮಿಗೆ ಬಿಸಿಲು ಎಫ್/16. ಆಕಾಶ ಕಾಣುವ ತೆರೆದ ನೆರಳು ಎಫ್/5.6, ಅಂದರೆ ಮೂರು ಸ್ಟಾಪ್. ಲೈಕಾ ಲೆನ್ಸುಗಳಲ್ಲಿ ಅರ್ಧರ್ಧ ಸ್ಟಾಪಿಗೆ ಟಿಕ್ ಅನ್ನುವುದರಿಂದ ಆರು ಟಿಕ್. ಬಾಗಿಲಿಂದ ಕೆಲವು ಮಾರು ಒಳಗಿನ ಪಡಸಾಲೆಗೆ ಎಫ್/4, 1/60. ಒಂದೇ ಬೆಳಕಿಂಡಿಯ ಅಡುಗೆಮನೆಗೆ ಎಫ್/2, 1/30. ಇವು ಆರಂಭದ ಸಂಖ್ಯೆಗಳು. ಮಣ್ಣಿನ ಮಾಳಿಗೆ, ಸುಣ್ಣದ ಗೋಡೆ, ಹೊಗೆ ಹಿಡಿದ ತೊಲೆ ಇವುಗಳ ಮೇಲೆ ಒಂದೊಂದು ಸ್ಟಾಪ್ ಆಚೀಚೆ ಆಗುತ್ತದೆ.

ಕ್ಯಾಮೆರಾದ ಮೀಟರಿಂದಲೇ ಬಿಸಿಲನ್ನು ಅಳೆಯಲು ಅಂಗೈ ಸಾಕು. ಒಮ್ಮೆ ನಡುಬೂದು ಬಣ್ಣದ ಕಾರ್ಡನ್ನೂ ಅಂಗೈಯನ್ನೂ ಒಂದೇ ಬಿಸಿಲಲ್ಲಿ, ಒಂದೇ ಕೋನದಲ್ಲಿ ಹಿಡಿದು ಎರಡರ ಅಂತರ ಬರೆದಿಟ್ಟುಕೊಳ್ಳಿ. ಸಾಮಾನ್ಯವಾಗಿ ಅಂಗೈ ಒಂದು ಸ್ಟಾಪ್ ಬೆಳ್ಳಗೆ, ಹಾಗಾಗಿ ಅಂಗೈ ಹೇಳಿದ್ದಕ್ಕಿಂತ ಒಂದು ಸ್ಟಾಪ್ ತೆರೆಯಬೇಕು. ಮೈಬಣ್ಣ ಏನೇ ಇದ್ದರೂ ಅಂಗೈಗಳ ನಡುವಿನ ವ್ಯತ್ಯಾಸ ಕಡಿಮೆ, ಆದರೂ ನಿಮ್ಮ ಕೈಯನ್ನು ನೀವೇ ಅಳೆಯುವುದು ಒಳ್ಳೆಯದು. ಈ ಕ್ಯಾಮೆರಾಗಳು 70 ಸೆಂಟಿಮೀಟರಿಗಿಂತ ಹತ್ತಿರ ಫೋಕಸ್ ಆಗುವುದಿಲ್ಲವಲ್ಲ ಎಂದು ಚಿಂತೆ ಬೇಡ, ಮೀಟರಿಗೆ ಫೋಕಸ್ ಬೇಕಿಲ್ಲ. ತಪ್ಪಾಗುವುದು ಬೇರೆ ಕಡೆ: ಕ್ಯಾಮೆರಾದ ನೆರಳೇ ಅಂಗೈ ಮೇಲೆ ಬಿದ್ದಿರುತ್ತದೆ, ಇಲ್ಲವೇ ಅಂಗೈ ಆಕಾಶಕ್ಕೆ ಮುಖ ಮಾಡಿರುತ್ತದೆ. ನೀವು ತೆಗೆಯಲಿರುವ ಮುಖ ಯಾವ ಕಡೆ ನೋಡುತ್ತಿದೆಯೋ ಅಂಗೈಯೂ ಆ ಕಡೆಗೇ ನೋಡಬೇಕು. ಆನೆಗೊಂದಿಯಲ್ಲಿ ಹರಗೋಲಿನ ಚಿತ್ರ ತೆಗೆಯುವಾಗ ಹೊಳೆಯ ಮಿರುಗು ಮೀಟರನ್ನು ಎರಡು ಮೂರು ಸ್ಟಾಪ್ ದಾರಿ ತಪ್ಪಿಸುತ್ತದೆ. ನೀರು ನಿಂತ ಗಂಗಾವತಿಯ ಭತ್ತದ ಗದ್ದೆಯೂ ಹಾಗೇ. ದಡದಲ್ಲಿ ನಿಂತು ಅಂಗೈಗೆ ಅಳೆದರೆ ಹೊಳೆಯ ನಡುವೆ ಇರುವ ಅಂಬಿಗನಿಗೂ ಅದೇ ಸಂಖ್ಯೆ, ಇಬ್ಬರ ಮೇಲೂ ಒಂದೇ ಸೂರ್ಯ.

ಕಷ್ಟದ ಜಾಗ ಬೇವಿನ ಮರದ ಕೆಳಗಿನ ಕಟ್ಟೆ. ಈ ಕಡೆಯ ಪ್ರತಿ ಊರಲ್ಲೂ ಇಂಥದೊಂದು ಇದೆ, ಪ್ರತಿ ಛಾಯಾಗ್ರಾಹಕನೂ ಅಲ್ಲಿ ಒಂದು ರೋಲನ್ನಾದರೂ ಕಳೆದುಕೊಳ್ಳುತ್ತಾನೆ. ಕಟ್ಟೆಯ ಮೇಲೆ ಬಿಳಿ ಪಂಚೆ, ಬಿಳಿ ರುಮಾಲಿನ ಹಿರಿಯರು, ಹೆಗಲ ಮೇಲೆ ಕರಿ ಕಂಬಳಿ, ಎಲೆಗಳ ಸಂದಿನಿಂದ ಬಿಸಿಲ ತುಣುಕು. 1940ರ ಆಸುಪಾಸಿನಲ್ಲಿ ಆನ್ಸೆಲ್ ಆಡಮ್ಸ್ ಮತ್ತು ಫ್ರೆಡ್ ಆರ್ಚರ್ ರೂಪಿಸಿದ, ಕಪ್ಪಿನಿಂದ ಬಿಳಿಯವರೆಗಿನ ಛಾಯೆಗಳನ್ನು ಒಂದೊಂದು ಸ್ಟಾಪಿನ ಮೆಟ್ಟಿಲುಗಳಾಗಿ ಎಣಿಸುವ ಝೋನ್ ಪದ್ಧತಿ ಇಲ್ಲಿ ಕೈಹಿಡಿಯುತ್ತದೆ. ನಡುಬೂದು ಐದನೇ ಝೋನ್, ನೇಯ್ಗೆ ಇನ್ನೂ ಕಾಣುವ ಕಡುನೆರಳು ಮೂರನೆಯದು. ಹತ್ತಿರ ಹೋಗಿ ಕಂಬಳಿಗೆ ಮಾತ್ರ ಮೀಟರ್ ಹಿಡಿಯಿರಿ. 1/250ಕ್ಕೆ ಎಫ್/2.8 ಎಂದಿತು ಅನ್ನಿ. ಅಷ್ಟು ಕೊಟ್ಟರೆ ಕಂಬಳಿ ಬೂದು ಆಗುತ್ತದೆ. ಅದನ್ನು ಮೂರನೇ ಝೋನಿಗೆ ಇಳಿಸಲು ಎರಡು ಸ್ಟಾಪ್ ಮುಚ್ಚಬೇಕು: ಎಫ್/5.6, 1/250. ಕೈಮೀಟರ್ ಇದ್ದರೆ, ಬೀಳುವ ಬೆಳಕನ್ನೇ ಅಳೆಯುವ ಅದರ ಬಿಳಿ ಗುಮ್ಮಟವನ್ನು ಅದೇ ನೆರಳಲ್ಲಿ ಕ್ಯಾಮೆರಾ ಕಡೆಗೆ ಹಿಡಿದು ನೋಡಿ, ಅದೂ ಹೆಚ್ಚುಕಮ್ಮಿ ಇದನ್ನೇ ಹೇಳುತ್ತದೆ. ಎರಡು ದಾರಿ ಒಂದೇ ಕಡೆ ಬಂದು ಸೇರಿದರೆ ಸಂಖ್ಯೆಯನ್ನು ನಂಬಬಹುದು.

ನೆರಳಲ್ಲೇ ಇರುವ ಪಂಚೆ ಈ ಎಕ್ಸ್‌ಪೋಷರಿಗೆ ಏಳನೇ ಝೋನಿನಲ್ಲಿ ಬೀಳುತ್ತದೆ, ಮಡಿಕೆ ಮಡಿಕೆ ಕಾಣುವಷ್ಟು ಚೆಂದದ ಬಿಳಿ. ಆದರೆ ಬಿಸಿಲ ತುಣುಕು ಬಿದ್ದ ಪಂಚೆಯ ಭಾಗ? ಬಿಸಿಲಿನ ಸಂಖ್ಯೆ ಎಫ್/16, 1/500. ನಾವು ಕೊಟ್ಟದ್ದು ಅದಕ್ಕಿಂತ ನಾಲ್ಕು ಸ್ಟಾಪ್ ಹೆಚ್ಚು. ಬಟ್ಟೆ ನಡುಬೂದಿಗಿಂತ ಎರಡು ಸ್ಟಾಪ್ ಬೆಳ್ಳಗೆ. ಒಟ್ಟು ಐದನೇ ಝೋನಿನ ಮೇಲೆ ಆರು ಸ್ಟಾಪ್, ಹನ್ನೊಂದನೇ ಝೋನ್. ಫಿಲ್ಮ್ ಹೇಗೋ ತಡೆದುಕೊಂಡೀತು, ಕಾಗದ ತಡೆಯದು, ಪ್ರಿಂಟಿನಲ್ಲಿ ಅದು ಬರೀ ತೂತು. ಇಂಥ ಹೊತ್ತಲ್ಲಿ ಮೀಟರ್ ಹಿಡಿದು ಒದ್ದಾಡುವುದಕ್ಕಿಂತ "ಅಜ್ಜಾರ, ಒಂಚೂರು ಈ ಕಡೆ ಸರೀರಿ" ಅನ್ನುವುದು ಮೇಲು. ಸರಿಯುವಂತಿಲ್ಲದಿದ್ದರೆ ಎಫ್/8ಕ್ಕೆ ಮುಚ್ಚಿ ಕಂಬಳಿಯ ನೇಯ್ಗೆಯನ್ನು ಬಿಟ್ಟುಕೊಡಿ. ಮುಖ ಉಳಿಯುತ್ತದೆ.

ಇಲ್ಲಿ ಪದೇ ಪದೇ ಆಗುವ ತಪ್ಪೊಂದಿದೆ. ನೆರಳಿಗೆ ಅಳೆಯಬೇಕು ಎಂದು ಕಲಿತವರು ಎರಡು ಸ್ಟಾಪ್ ಮುಚ್ಚುವುದನ್ನು ಮರೆಯುತ್ತಾರೆ. ಅದರ ಮೇಲೆ, ಯಾರೋ ಹೇಳಿದರೆಂದು 400ರ ಫಿಲ್ಮಿಗೆ ಮೀಟರನ್ನು 200ಕ್ಕೆ ಇಟ್ಟಿರುತ್ತಾರೆ. ಎರಡೂ ಸೇರಿ ಮೂರು ಸ್ಟಾಪ್ ಜಾಸ್ತಿ. ಎಚ್‌ಪಿ5, ಟ್ರೈ-ಎಕ್ಸ್‌ನಂಥ 400ರ ಫಿಲ್ಮುಗಳು ಇದನ್ನು ಸಹಿಸುತ್ತವೆ, ಆದರೆ ನೆಗೆಟಿವ್ ಹಲಗೆಯಷ್ಟು ದಟ್ಟವಾಗಿ ಕಾಳು ಕಾಳಾಗುತ್ತದೆ. 200ಕ್ಕೆ ಇಡುವುದು ಬಿಸಿಲನ್ನು ಅಳೆದು ತೆಗೆಯುವವರಿಗೆ, ನೆರಳಿಗೊಂದು ಮೀಸಲು ಇರಲಿ ಎಂದು. ನೆರಳನ್ನೇ ಅಳೆದು ಮೂರನೇ ಝೋನಿಗೆ ಇಡುವವರಿಗೆ ಅದು ಬೇಡ.

ಬಿಸಿಲಿಗೂ 400ರ ಫಿಲ್ಮಿಗೂ ಇನ್ನೊಂದು ಜಗಳವಿದೆ. ಶಟರ್ 1/1000ಕ್ಕೆ ನಿಲ್ಲುವ ಕ್ಯಾಮೆರಾದಲ್ಲಿ ಎಫ್/11ಕ್ಕಿಂತ ತೆರೆಯಲಾಗದು. ಕ್ಯಾನನೆಟ್, ಯಾಶಿಕಾಗಳಲ್ಲಿ 1/500ಕ್ಕೇ ಮುಗಿಯಿತು. ಎಫ್/2ರಲ್ಲಿ ತೆಗೆಯಬೇಕೆಂದರೆ 1/32000 ಬೇಕು. ಹಾಗಾಗಿ ಈ ಸೀಮೆಯಲ್ಲಿ ಫಿಲ್ಟರ್ ಎರಡು ಕೆಲಸ ಮಾಡುತ್ತದೆ: ಆಕಾಶಕ್ಕೆ ಬಣ್ಣ ಕೊಡುತ್ತದೆ, ಬೆಳಕನ್ನೂ ತಗ್ಗಿಸುತ್ತದೆ. ಹಳದಿಗೆ ಒಂದು ಸ್ಟಾಪ್, ಕಿತ್ತಳೆಗೆ ಎರಡು, ಕಡುಗೆಂಪಿಗೆ ಮೂರು. ಲೆನ್ಸಿನ ಮೂಲಕ ಅಳೆಯುವ ಕ್ಯಾಮೆರಾದಲ್ಲೂ ಕೆಂಪು ಫಿಲ್ಟರ್ ಹಾಕಿಕೊಂಡು ಅಳೆಯಬೇಡಿ. ಮೀಟರಿನ ಕಣ್ಣಿಗೆ ಕೆಂಪು ಫಿಲ್ಮಿಗಿಂತ ಚೆನ್ನಾಗಿ ಕಾಣುತ್ತದೆ, ಬೆಳಕು ಸಾಕಷ್ಟಿದೆ ಎಂದುಕೊಂಡು ಕಡಿಮೆ ಕೊಡಿಸುತ್ತದೆ. ಫಿಲ್ಟರ್ ತೆಗೆದು ಅಳೆದು, ಮೂರು ಸ್ಟಾಪ್ ಸೇರಿಸಿ, ಆಮೇಲೆ ಹಾಕಿ. ಬಿಸಿಲ ಹೊತ್ತಿನ ನೆರಳಿಗೆ ಬೆಳಕು ಬರುವುದು ನೀಲಿ ಆಕಾಶದಿಂದ. ಕಿತ್ತಳೆ, ಕೆಂಪು ಫಿಲ್ಟರುಗಳು ನೀಲಿಯನ್ನೇ ತಡೆಯುವುದರಿಂದ ನೆರಳಿಗೆ ಬೀಳುವ ಪೆಟ್ಟು ಲೆಕ್ಕಕ್ಕಿಂತ ಹೆಚ್ಚು. ಕೊಪ್ಪಳದ ಕೋಟೆ ಬೆಟ್ಟದ ಬಂಡೆಗಳ ಸಂದನ್ನು ಉಳಿಸಿಕೊಳ್ಳಬೇಕಿದ್ದರೆ ಕಿತ್ತಳೆಗೆ ಎರಡೂವರೆ ಕೊಡಿ, ಇಲ್ಲವೇ ಹಳದಿಗೇ ತೃಪ್ತಿಪಡಿ.

ಕತ್ತಲ ಕಡೆಯ ತೊಂದರೆ ಬೇರೆ. ಕುಕನೂರಿಗೆ ಹತ್ತಿರದ ಇಟಗಿಯ ಮಹಾದೇವ ದೇವಾಲಯವನ್ನು 1112ರಲ್ಲಿ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ. ಶಾಸನ ಅದನ್ನು ದೇವಾಲಯ ಚಕ್ರವರ್ತಿ ಎಂದು ಕರೆಯುತ್ತದೆ. ಬಳಪದ ಕಲ್ಲಿನ ಕಂಬಗಳು ಕಡು ಬಣ್ಣದವು, ನುಣುಪಾದವು. ಮೈ ಕತ್ತಲು, ಅಂಚಿನಲ್ಲಿ ಮಾತ್ರ ಬೆಳಕಿನ ಗೀರು. ಆ ಗೀರು ಮೀಟರಿನ ವೃತ್ತದೊಳಗೆ ಬಂದರೆ ಕಂಬ ಕರಗಿಹೋಗುತ್ತದೆ. ಬಿಸಿಲಿನಿಂದ ಒಳಗೆ ಬಂದೊಡನೆ ಅಳೆಯಬೇಡಿ. ಕ್ಯಾನನೆಟ್, ಯಾಶಿಕಾಗಳ ಸಿಡಿಎಸ್ (ಕ್ಯಾಡ್ಮಿಯಂ ಸಲ್ಫೈಡ್) ಕಣ್ಣಿಗೆ ನೆನಪಿನ ಕಾಯಿಲೆ ಇದೆ, ಹೊರಗಿನ ಪ್ರಖರತೆಯನ್ನು ಮರೆಯಲು ಅದಕ್ಕೆ ಅರ್ಧ ನಿಮಿಷ ಕೊಡಬೇಕು. ಎಂ6ರ ಸಿಲಿಕಾನ್ ಕಣ್ಣಿಗೆ ಈ ತೊಂದರೆ ಇಲ್ಲ. ಮುಳ್ಳು ಏಳದಷ್ಟು ಕತ್ತಲಿದ್ದರೆ ಬಿಳಿ ಕಾಗದವನ್ನು ಅಳೆದು ಎರಡೂಕಾಲು ಸ್ಟಾಪ್ ಹೆಚ್ಚು ಕೊಡಿ.

ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡಿಗೆ ಅನುಮತಿ ಬೇಕು. ಕ್ಯಾಮೆರಾವನ್ನು ನೆಲದ ಮೇಲೆ, ಮಡಚಿದ ಟವೆಲಿನ ಮೇಲೆ ಇಟ್ಟು ಕೇಬಲ್ ರಿಲೀಸ್ ಒತ್ತಬಹುದು. ಮೀಟರ್ ಎಫ್/2ಕ್ಕೆ ಅರ್ಧ ಸೆಕೆಂಡ್ ಅಂದರೆ ಎಫ್/8ಕ್ಕೆ 8 ಸೆಕೆಂಡ್. ಅಷ್ಟಕ್ಕೇ ನಿಲ್ಲುವಂತಿಲ್ಲ, ಸೆಕೆಂಡು ದಾಟಿದ ಮೇಲೆ ಫಿಲ್ಮಿನ ಚುರುಕು ಕುಂದುತ್ತದೆ. ಎಚ್‌ಪಿ5 ಪ್ಲಸ್‌ಗೆ ಇಲ್‌ಫರ್ಡ್ ಕೊಡುವ ಲೆಕ್ಕ, ಅಳೆದ ಸಮಯದ 1.31ನೇ ಘಾತ: 8 ಸೆಕೆಂಡಿಗೆ 15, 10ಕ್ಕೆ 20. ಎಫ್‌ಪಿ4 ಪ್ಲಸ್‌ಗೆ ಘಾತ 1.26, 8ಕ್ಕೆ ಸುಮಾರು 14. ಟ್ರೈ-ಎಕ್ಸ್‌ಗೆ ಕೊಡಾಕ್ ಕೋಷ್ಟಕ 10 ಸೆಕೆಂಡಿಗೆ 50 ಕೇಳುತ್ತದೆ.

ಬ್ಯಾಟರಿಯ ಬಗ್ಗೆ ಎರಡು ಮಾತು. ಹಳೆಯ ಸಿಡಿಎಸ್ ಮೀಟರುಗಳಲ್ಲಿ ಹಲವು 1.35 ವೋಲ್ಟಿನ ಪಾದರಸದ ಸೆಲ್ಲಿಗೆ ಆಗಿದ್ದವು, ಅವು ಈಗ ಸಿಗುವುದಿಲ್ಲ. 1.5ರ ಆಲ್ಕಲೈನ್ ಹಾಕಿದರೆ ಹಲವು ಕ್ಯಾಮೆರಾಗಳಲ್ಲಿ ಮುಳ್ಳು ಇಲ್ಲದ ಬೆಳಕನ್ನು ತೋರಿಸುತ್ತದೆ, ನೆಗೆಟಿವ್ ತೆಳುವಾಗುತ್ತದೆ. ಕಿವಿಯ ಯಂತ್ರಕ್ಕೆ ಹಾಕುವ 675 ನಂಬರಿನ ಝಿಂಕ್-ಏರ್ ಸೆಲ್ 1.4 ವೋಲ್ಟ್, ಸುತ್ತ ಒಂದು ವಾಶರ್ ಕೊಟ್ಟರೆ ಕೂತುಕೊಳ್ಳುತ್ತದೆ. ಅಂಟು ಕಿತ್ತ ಮೇಲೆ ಅದರ ಬಾಳಿಕೆ ಕೆಲವೇ ತಿಂಗಳು, ರಾಯಚೂರಿನ ಒಣ ಬೇಸಿಗೆಯಲ್ಲಿ ಅದಕ್ಕೂ ಬೇಗ ಒಣಗುತ್ತದೆ. ತಿಂಗಳಿಗೊಮ್ಮೆ ಬಿಸಿಲಿನ ಸೂತ್ರಕ್ಕೆ ಹೋಲಿಸಿ ನೋಡಿ. ಬಟ್ಟೆಯ ಶಟರಿರುವ ಲೈಕಾ, ಝೋರ್ಕಿಗಳನ್ನು ಮುಚ್ಚಳವಿಲ್ಲದೆ ಸೂರ್ಯನ ಕಡೆಗೆ ತಿರುಗಿಸಿ ಇಡಲೇಬೇಡಿ. ನಡುವೆ ಕನ್ನಡಿ ಇಲ್ಲದ್ದರಿಂದ ಲೆನ್ಸ್ ಭೂತಗನ್ನಡಿಯಾಗಿ ಪರದೆಯನ್ನು ಸುಡುತ್ತದೆ, ಆಮೇಲೆ ಪ್ರತಿ ಚಿತ್ರದಲ್ಲೂ ಒಂದು ಚುಕ್ಕೆ.

ಅಳತೆ ಮುಗಿಯುವುದು ಡೆವಲಪಿಂಗಿನಲ್ಲಿ. ಎಚ್‌ಪಿ5ಗೆ ಐಡಿ-11 ಡೆವಲಪರ್, ಒಂದಕ್ಕೆ ಒಂದು ನೀರು, 20 ಡಿಗ್ರಿಗೆ 13 ನಿಮಿಷ ಎಂಬುದು ಇಲ್‌ಫರ್ಡಿನ ಲೆಕ್ಕ. ಬಿಸಿಲು ನೆರಳಿನ ಅಂತರ ದೊಡ್ಡದಿರುವ ರೋಲಿಗೆ ಇದನ್ನು 15ರಿಂದ 20 ಶೇಕಡ ಇಳಿಸಿ, ಹತ್ತೂವರೆಯಿಂದ 11 ನಿಮಿಷ. ನೆರಳು ಬೇಗ ಮೂಡಿ ನಿಂತುಬಿಡುತ್ತದೆ, ಬಿಳಿ ಮಾತ್ರ ಕೊನೆಯವರೆಗೆ ಬೆಳೆಯುತ್ತ ಹೋಗುತ್ತದೆ. ಸಮಯ ಕಡಿತ ಮಾಡಿದರೆ ಬಿಳಿಯೇ ಇಳಿಯುತ್ತದೆ. ಆದರೆ ಬೇಸಿಗೆಯಲ್ಲಿ ನಮ್ಮ ನಲ್ಲಿಯ ನೀರು 30 ಡಿಗ್ರಿ ದಾಟಿರುತ್ತದೆ. ಟ್ಯಾಂಕ್ ಮತ್ತು ರಾಸಾಯನಿಕದ ಬಾಟಲಿಗಳನ್ನೆಲ್ಲ ಐಸ್ ಹಾಕಿದ ಬಕೆಟ್ಟಿನಲ್ಲಿ ಇಟ್ಟು 20ಕ್ಕೆ ಇಳಿಸದೆ ಶುರು ಮಾಡಿದರೆ, ಬೇವಿನ ಕಟ್ಟೆಯ ಹತ್ತಿರ ಮಾಡಿದ ಲೆಕ್ಕವೆಲ್ಲ ಐದೇ ನಿಮಿಷದಲ್ಲಿ ಕರಗುತ್ತದೆ.

ಒಣಗಿದ ನೆಗೆಟಿವನ್ನು ದಿನಪತ್ರಿಕೆಯ ಮೇಲೆ ಇಟ್ಟು ನೋಡಿ. ಪಂಚೆ ಇರುವ ಅತಿ ದಟ್ಟ ಜಾಗದ ಮೂಲಕವೂ ಅಕ್ಷರ ಕಷ್ಟಪಟ್ಟಾದರೂ ಓದುವಂತಿದ್ದರೆ ಡೆವಲಪಿಂಗ್ ಹದವಾಗಿದೆ. ಆಮೇಲೆ ಅದನ್ನು ಕಿಟಕಿಗೆ ಹಿಡಿದು ಕಂಬಳಿಯ ಜಾಗ ಹುಡುಕಿ. ಫಿಲ್ಮಿನ ಅಂಚಿನ ಖಾಲಿ ಪಟ್ಟಿಗಿಂತ ಅದು ಒಂದಿಷ್ಟು ಮಸುಕಾಗಿದ್ದು, ಅದರೊಳಗೆ ನೇಯ್ಗೆಯ ಗೆರೆ ಕಂಡರೆ ಮೀಟರಿನ ಸಂಖ್ಯೆ ಸರಿ ಇತ್ತು. ಅಂಚೂ ಕಂಬಳಿಯೂ ಒಂದೇ ಥರ ತಿಳಿಯಾಗಿದ್ದರೆ, ಮುಂದಿನ ರೋಲಿಗೆ ಮೀಟರನ್ನು 400ರಿಂದ 250ಕ್ಕೆ ಇಳಿಸಿ ಅದೇ ಕಟ್ಟೆಗೆ ಮತ್ತೆ ಹೋಗಿ.